ಸ್ಕೂಬಾ ಡೈವಿಂಗ್‌ನ ವೃತ್ತಿಪರ ಪ್ರಮಾಣಪತ್ರ: ಯಾರಿಗೆ ಬೇಕು, ಹೇಗೆ ಪಡೆಯಬೇಕು, ಯಾವ ಹಂತದಲ್ಲಿ ನಿಲ್ಲಬೇಕು

ಮುರುಡೇಶ್ವರದಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ಸಿಲಿಂಡರ್ ಹೊತ್ತು ನೀರಿಗಿಳಿದವರಲ್ಲಿ ಹೆಚ್ಚಿನವರಿಗೆ ಅದು ರಜೆಯ ಒಂದು ಅನುಭವವಾಗಿ ಮುಗಿಯುತ್ತದೆ. ಕೆಲವರು ಮಾತ್ರ ದಡಕ್ಕೆ ಬಂದ ಮೇಲೆ ತಮ್ಮನ್ನು ಕೈ ಹಿಡಿದು ಇಳಿಸಿದ ಬೋಧಕರನ್ನು ಪಕ್ಕಕ್ಕೆ ಕರೆದು, ಈ ಕೆಲಸಕ್ಕೆ ಸೇರಲು ಏನು ಓದಬೇಕು, ಎಷ್ಟು ಖರ್ಚಾಗುತ್ತದೆ, ಇದರಿಂದ ಜೀವನ ಸಾಗುತ್ತದೆಯೇ ಎಂದು ವಿಚಾರಿಸುತ್ತಾರೆ. ಈ ಮಾರ್ಗದರ್ಶಿ ಅಂಥವರಿಗಾಗಿ. ವೃತ್ತಿಪರ ಪ್ರಮಾಣಪತ್ರದ ಬಗ್ಗೆ ತರಬೇತಿ ಕೇಂದ್ರಗಳ ಜಾಹೀರಾತುಗಳು ಹೇಳುವುದಕ್ಕೂ ಅದು ನಿಜವಾಗಿ ಕೊಡುವುದಕ್ಕೂ ಸಾಕಷ್ಟು ಅಂತರವಿದೆ. ಹವ್ಯಾಸಕ್ಕಾಗಿ ಕಲಿಯುವವರಲ್ಲಿ ಬಹುಪಾಲು ಜನರು, ಅಪಾಯದಲ್ಲಿರುವ ಡೈವರನ್ನು ಕಾಪಾಡಲು ಕಲಿಸುವ ರೆಸ್ಕ್ಯೂ ಡೈವರ್ ಹಂತದಲ್ಲಿ ನಿಲ್ಲುವುದು ಜಾಣತನ; ದುಡಿಮೆಗಾಗಿ ಕಲಿಯುವವರು ಇನ್‌ಸ್ಟ್ರಕ್ಟರ್, ಅಂದರೆ ಬೋಧಕರ, ಹಂತದವರೆಗೆ ಹೋಗುವ ಸಿದ್ಧತೆಯಿಂದಲೇ ಆರಂಭಿಸಬೇಕು. ಇವೆರಡರ ನಡುವಿನ, ಡೈವರ್‌ಗಳ ಗುಂಪನ್ನು ಮುನ್ನಡೆಸುವ ಡೈವ್‌ಮಾಸ್ಟರ್ ಹಂತದಲ್ಲಿ ನಿಂತವರಿಗೆ ನಮ್ಮ ದೇಶದಲ್ಲಿ ಹಾಕಿದ ಹಣ ಮರಳಿ ಬರುವುದು ಕಷ್ಟ. ಇದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ ಅಪವಾದಗಳನ್ನೂ ಮುಂದೆ ವಿವರಿಸುತ್ತೇನೆ.

ಮೊದಲು ತಿಳಿಯಬೇಕಾದದ್ದು: ಈ ಪ್ರಮಾಣಪತ್ರವನ್ನು ಕೊಡುವವರು ಯಾರು

ಸ್ಕೂಬಾ ಕಾರ್ಡು ವಾಹನ ಚಾಲನೆಯ ಲೈಸೆನ್ಸ್‌ನಂತೆ ಸರ್ಕಾರ ಕೊಡುವ ಪರವಾನಗಿಯಲ್ಲ. ಅದನ್ನು ಕೊಡುವುದು ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಗಳು. 1966ರಲ್ಲಿ ಅಮೆರಿಕದಲ್ಲಿ ಆರಂಭವಾದ ಪಾಡಿ, 1970ರಲ್ಲಿ ಹುಟ್ಟಿದ ಎಸ್‌ಎಸ್‌ಐ, ಅವುಗಳಿಗಿಂತ ಹಳೆಯದಾದ ಸಿಮಾಸ್ ಮತ್ತು ಬ್ರಿಟನ್ನಿನ ಬಿಎಸ್‌ಎಸಿ ಇವುಗಳಲ್ಲಿ ಹೆಚ್ಚು ಪರಿಚಿತವಾದವು. ಭಾರತದ ಕಡಲತೀರದ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಪಾಡಿ ಮತ್ತು ಎಸ್‌ಎಸ್‌ಐ ಫಲಕಗಳು. ಸಂಸ್ಥೆಗಳು ಬೇರೆಯಾದರೂ ಹಂತಗಳನ್ನು ಪರಸ್ಪರ ಹೋಲಿಸಿ ನೋಡಲು ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ: ಸ್ವತಂತ್ರವಾಗಿ ಮುಳುಗಬಲ್ಲ ಡೈವರ್‌ಗೆ ಐಎಸ್‌ಒ 24801-2, ಇತರರನ್ನು ಮುನ್ನಡೆಸುವ ಡೈವ್ ಲೀಡರ್‌ಗೆ ಐಎಸ್‌ಒ 24801-3, ಬೋಧಕರಿಗೆ ಐಎಸ್‌ಒ 24802 ಸರಣಿ. ಆದ್ದರಿಂದ ಯಾವ ಸಂಸ್ಥೆಯ ಕಾರ್ಡು ಶ್ರೇಷ್ಠ ಎಂಬ ಚರ್ಚೆಯಲ್ಲಿ ತಿಂಗಳುಗಟ್ಟಲೆ ಕಳೆಯುವುದು ವ್ಯರ್ಥ. ಗಮನಿಸಬೇಕಾದ ವ್ಯಾವಹಾರಿಕ ವ್ಯತ್ಯಾಸ ಒಂದಿದೆ. ಎಸ್‌ಎಸ್‌ಐ ವೃತ್ತಿಪರರು ಆ ಸಂಸ್ಥೆಯ ಯಾವುದಾದರೂ ಕೇಂದ್ರದ ಅಡಿಯಲ್ಲಿಯೇ ಕಲಿಸಬೇಕಾಗುತ್ತದೆ; ಪಾಡಿಯ ಬೋಧಕರು ಕೇಂದ್ರಕ್ಕೆ ಸೇರದೆಯೂ ಕಲಿಸಬಹುದು. ಸ್ವತಂತ್ರವಾಗಿ ದುಡಿಯುವ ಯೋಚನೆಯಿರುವವರಿಗೆ ಇದು ಮುಖ್ಯ.

ಪಾಡಿಯ ಏಣಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ, ಓಪನ್ ವಾಟರ್, ಅಡ್ವಾನ್ಸ್ಡ್ ಓಪನ್ ವಾಟರ್ ಮತ್ತು ರೆಸ್ಕ್ಯೂ ಡೈವರ್ ಹವ್ಯಾಸಿಗಳ ಹಂತಗಳು. ಡೈವ್‌ಮಾಸ್ಟರ್‌ನಿಂದ ಮೇಲೆ ವೃತ್ತಿಪರ ಹಂತಗಳು ಆರಂಭವಾಗುತ್ತವೆ; ಅದರ ನಂತರ ಅಸಿಸ್ಟೆಂಟ್ ಇನ್‌ಸ್ಟ್ರಕ್ಟರ್, ಓಪನ್ ವಾಟರ್ ಸ್ಕೂಬಾ ಇನ್‌ಸ್ಟ್ರಕ್ಟರ್ ಹಾಗೂ ಇನ್ನೂ ಮೇಲಿನ ದರ್ಜೆಗಳಿವೆ. ಹೆಸರು ಕೇಳಿ ಮೋಸಹೋಗಬಾರದ ಒಂದು ದರ್ಜೆಯೂ ಇದೆ. ಮಾಸ್ಟರ್ ಸ್ಕೂಬಾ ಡೈವರ್ ಎಂಬುದು ಕಿವಿಗೆ ಡೈವ್‌ಮಾಸ್ಟರ್‌ಗಿಂತ ದೊಡ್ಡದಾಗಿ ಕೇಳಿಸಿದರೂ ಅದು ರೆಸ್ಕ್ಯೂ ಹಂತ ಮುಗಿಸಿ, ಐದು ವಿಶೇಷ ಕೋರ್ಸ್‌ಗಳನ್ನು ಮಾಡಿ, 50 ಡೈವ್ ದಾಖಲಿಸಿದ ಹವ್ಯಾಸಿಗೆ ಸಿಗುವ ಗೌರವ ಮಾತ್ರ. ಅದನ್ನು ತೋರಿಸಿ ಯಾರನ್ನೂ ನೀರಿಗೆ ಕರೆದೊಯ್ಯುವಂತಿಲ್ಲ.

ಹೆಜ್ಜೆ ಒಂದು: ಯಾವ ಕೆಲಸಕ್ಕಾಗಿ ಎಂಬುದನ್ನು ನಿರ್ಧರಿಸಿ

ಈ ಪ್ರಶ್ನೆಗೆ ಉತ್ತರ ಸಿಗದೆ ಕೋರ್ಸ್‌ಗೆ ಹಣ ಕಟ್ಟಬೇಡಿ. ವೃತ್ತಿಪರ ಕಾರ್ಡಿನಿಂದ ಸಿಗುವುದು ಇತರರ ಹೊಣೆಯನ್ನು ಹೊರುವ ಅಧಿಕಾರ. ನಿಮ್ಮ ಸ್ವಂತ ಡೈವಿಂಗ್‌ಗೆ ಅದು ಹೊಸ ಆಳವನ್ನೋ ಹೊಸ ಸ್ಥಳವನ್ನೋ ತೆರೆಯುವುದಿಲ್ಲ. ಅಡ್ವಾನ್ಸ್ಡ್ ಹಂತದಲ್ಲಿ 30 ಮೀಟರ್ ಮತ್ತು ಡೀಪ್ ಡೈವರ್ ಕೋರ್ಸ್ ನಂತರ 40 ಮೀಟರ್ ಆಳದ ಮಿತಿ ಸಿಗುತ್ತದೆ. ಮನರಂಜನಾ ಡೈವಿಂಗ್‌ನ ಗಡಿಯೇ ಅದು. ಇನ್‌ಸ್ಟ್ರಕ್ಟರ್ ಆದರೂ ಆ ಗಡಿ ಕದಲುವುದಿಲ್ಲ. ಹವಳದ ದಿಬ್ಬಗಳನ್ನು ನೋಡುತ್ತಾ ಲೋಕ ಸುತ್ತುವುದು ಆಸೆಯಾಗಿದ್ದರೆ, ಆ ಹಣವನ್ನು ಆಳ ಮತ್ತು ಸಮಯದ ಲೆಕ್ಕವಿಡುವ ಒಳ್ಳೆಯ ಡೈವ್ ಕಂಪ್ಯೂಟರ್‌ಗೂ ಪ್ರವಾಸಕ್ಕೂ ಖರ್ಚು ಮಾಡುವುದು ಉತ್ತಮ.

ಇನ್ನೊಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ನಿವಾರಿಸಬೇಕು. ಮುಂಬೈ ಹೈನಂಥ ತೈಲ ಕ್ಷೇತ್ರಗಳಲ್ಲಿ, ಬಂದರುಗಳಲ್ಲಿ, ಹಡಗಿನ ತಳದ ದುರಸ್ತಿಯಲ್ಲಿ ದುಡಿಯುವವರು ಕಮರ್ಷಿಯಲ್ ಡೈವರ್‌ಗಳು. ಅವರ ತರಬೇತಿ, ಉಪಕರಣ, ಪ್ರಮಾಣಪತ್ರ ಎಲ್ಲವೂ ಬೇರೆ. ಮೇಲಿನಿಂದ ಕೊಳವೆಯ ಮೂಲಕ ಗಾಳಿ ಪಡೆದು, ನೀರಿನ ಕೆಳಗೆ ಬೆಸುಗೆ ಹಾಕುವ, ಕತ್ತರಿಸುವ, ತಪಾಸಣೆ ಮಾಡುವ ಕೈಗಾರಿಕಾ ವೃತ್ತಿ ಅದು. ಸ್ಕೂಬಾ ಇನ್‌ಸ್ಟ್ರಕ್ಟರ್ ಕಾರ್ಡು ಅಲ್ಲಿ ಅರ್ಹತೆಯಾಗುವುದಿಲ್ಲ. ಅದೇ ರೀತಿ ನದಿಗಳಲ್ಲಿ ನಡೆಯುವ ಶೋಧಕಾರ್ಯವೂ ಬೇರೆಯೇ ವಿದ್ಯೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿಯ ತಳ ಸೇರಿದಾಗ, ಸೆಳೆತ ಮತ್ತು ಕೆಸರಿನಿಂದಾಗಿ ನೌಕಾಪಡೆಯ ಮುಳುಗುತಜ್ಞರಿಗೂ ಕೆಲಸ ದುಸ್ತರವಾಯಿತು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಪ್ರವಾಸಿಗರನ್ನು ತಿಳಿನೀರಿನಲ್ಲಿ ಸುತ್ತಾಡಿಸುವ ಅರ್ಹತೆಯನ್ನೇ ನಂಬಿಕೊಂಡು ಅಂಥ ನೀರಿಗೆ ಇಳಿಯಬಾರದು.

ಹಾಗಾದರೆ ಯಾರಿಗೆ ಇದರಿಂದ ಪ್ರಯೋಜನವಿದೆ? ಡೈವ್ ಕೇಂದ್ರಗಳಲ್ಲಿ ಬೋಧಕರಾಗಿ ದುಡಿಯಬಯಸುವವರು ಮೊದಲ ಗುಂಪು. ಕರಾವಳಿಯಲ್ಲಿ ಬೋಟ್ ಇಟ್ಟುಕೊಂಡಿರುವ, ಕಡಲಿನ ಮರ್ಜಿಯನ್ನು ಚಿಕ್ಕಂದಿನಿಂದ ಬಲ್ಲ ಮೀನುಗಾರ ಕುಟುಂಬಗಳ ಯುವಕ ಯುವತಿಯರು ಎರಡನೆಯ ಗುಂಪು. ನನ್ನ ದೃಷ್ಟಿಯಲ್ಲಿ ಈ ಪ್ರಮಾಣಪತ್ರದಿಂದ ಅತ್ಯಂತ ಹೆಚ್ಚು ಲಾಭ ಪಡೆಯಬಲ್ಲವರು ಅವರೇ, ಏಕೆಂದರೆ ಗಾಳಿ, ಸೆಳೆತ, ಬೋಟ್ ನಿರ್ವಹಣೆಯಂಥ ಯಾವ ಕೋರ್ಸೂ ಪೂರ್ತಿಯಾಗಿ ಕಲಿಸಲಾಗದ ಸಂಗತಿಗಳು ಅವರಿಗೆ ಆಗಲೇ ಗೊತ್ತಿರುತ್ತವೆ. ಕೊರತೆಯಿರುವುದು ದಾಖಲೆಯದು ಮತ್ತು ಶಿಸ್ತುಬದ್ಧ ಸಿದ್ಧಾಂತದ್ದು ಮಾತ್ರ. ಮೂರನೆಯವರು ಕಡಲ ಜೀವಶಾಸ್ತ್ರದ ವಿದ್ಯಾರ್ಥಿಗಳು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಲಕ್ಷದ್ವೀಪದ ಹವಳ ದಿಬ್ಬಗಳ ಬಗ್ಗೆ ಬಹುಕಾಲದಿಂದ ಅಧ್ಯಯನ ನಡೆಸುತ್ತಿದೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಅಂಡಮಾನ್ ಮತ್ತು ಲಕ್ಷದ್ವೀಪಗಳಲ್ಲಿ ಕೆಲಸ ಮಾಡುತ್ತದೆ. ಹವಳ ದಿಬ್ಬದ ಸಮೀಕ್ಷೆಯಲ್ಲಿ ಅಳತೆಪಟ್ಟಿ ಹಾಸಿ, ಒಂದು ಕೈಯಲ್ಲಿ ಸ್ಲೇಟ್ ಹಿಡಿದು, ಹವಳಕ್ಕೆ ಕಾಲಿನ ಫಿನ್ಸ್ (ಈಜುರೆಕ್ಕೆ) ತಾಗದಂತೆ ತೇಲುತ್ತಾ ಎಣಿಕೆ ಮಾಡಬೇಕಾಗುತ್ತದೆ. ಡೈವ್‌ಮಾಸ್ಟರ್ ಹಂತದ ನೀರಿನ ಹತೋಟಿ ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಡೈವ್‌ಮಾಸ್ಟರ್‌ನಲ್ಲಿ ನಿಂತರೂ ನಷ್ಟವಾಗದ ಅಪವಾದದ ಗುಂಪು ಇದೇ. ನೀರೊಳಗಿನ ಛಾಯಾಗ್ರಾಹಕರನ್ನೂ ಇದಕ್ಕೆ ಸೇರಿಸಬಹುದು.

ಹೆಜ್ಜೆ ಎರಡು: ದೇಹದ ತಪಾಸಣೆ, ಈಜು

ಕೋರ್ಸ್‌ಗೆ ಮುಂಗಡ ಕೊಡುವ ಮೊದಲು ವೈದ್ಯರನ್ನು ಕಾಣಿ. ಹವ್ಯಾಸಿ ಹಂತದಲ್ಲಿ ಆರೋಗ್ಯದ ಪ್ರಶ್ನಾವಳಿಗೆ ಎಲ್ಲ ಉತ್ತರವೂ ‘ಇಲ್ಲ’ ಎಂದಾದರೆ ವೈದ್ಯರ ಸಹಿಯಿಲ್ಲದೆಯೂ ನಡೆಯುತ್ತದೆ. ಡೈವ್‌ಮಾಸ್ಟರ್ ಹಂತಕ್ಕೆ ಕಳೆದ 12 ತಿಂಗಳೊಳಗೆ ವೈದ್ಯರು ಸಹಿ ಮಾಡಿದ ಪತ್ರ ಕಡ್ಡಾಯ. ಕಿವಿ, ಸೈನಸ್, ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಮತ್ತು ಹಿಂದೆ ಎಂದಾದರೂ ಶ್ವಾಸಕೋಶ ತಾನಾಗಿಯೇ ಕುಸಿದ ಇತಿಹಾಸ, ಇವನ್ನು ಮುಚ್ಚಿಡಬಾರದು. ಹವ್ಯಾಸಿಯಾಗಿ ತಿಂಗಳಿಗೊಂದು ಡೈವ್ ಮಾಡುವಾಗ ಸಹಿಸಿಕೊಳ್ಳಬಹುದಾದ ಕಿವಿಯ ಕಿರಿಕಿರಿಯು ದಿನಕ್ಕೆ ಹಲವು ಸಲ ಇಳಿದು ಏರುವ ಬೋಧಕನ ವೃತ್ತಿಜೀವನವನ್ನೇ ಮುಗಿಸಬಲ್ಲದು.

ಈಜಿನ ವಿಷಯದಲ್ಲಿ ಬಯಲುಸೀಮೆಯ ಕಲಿಕಾರ್ಥಿಗಳು ವಿಶೇಷ ಗಮನ ಕೊಡಬೇಕು. ಪಾಡಿಯ ಡೈವ್‌ಮಾಸ್ಟರ್ ಕೋರ್ಸ್‌ನಲ್ಲಿ ಯಾವ ಉಪಕರಣವೂ ಇಲ್ಲದೆ 400 ಮೀಟರ್ ಈಜು, ಮಾಸ್ಕ್, ಸ್ನಾರ್ಕೆಲ್ ಮತ್ತು ಫಿನ್ಸ್ ಧರಿಸಿ 800 ಮೀಟರ್, ದಣಿದ ಡೈವರನ್ನು 100 ಮೀಟರ್ ಎಳೆದೊಯ್ಯುವುದು ಮತ್ತು 15 ನಿಮಿಷ ನೀರಿನ ಮೇಲೆ ತೇಲಿ ನಿಲ್ಲುವುದು, ಅದರಲ್ಲಿ ಕೊನೆಯ ಎರಡು ನಿಮಿಷ ಕೈಗಳನ್ನು ನೀರಿನಿಂದ ಹೊರಗೆ ಎತ್ತಿ ಹಿಡಿಯುವುದು, ಇವೆಲ್ಲವನ್ನೂ ಪರೀಕ್ಷಿಸಿ ಅಂಕ ಕೊಡುತ್ತಾರೆ. ಹತ್ತಿರದ ಈಜುಕೊಳದಲ್ಲಿ ಕೆಲವು ತಿಂಗಳು ನಿಯಮಿತವಾಗಿ ಅಭ್ಯಾಸ ಮಾಡಿ, ಈ ನಾಲ್ಕನ್ನೂ ಸುಸ್ತಾಗದೆ ಮುಗಿಸುವ ಮಟ್ಟ ತಲುಪಿದ ನಂತರವೇ ಕಡಲತೀರಕ್ಕೆ ಹೋಗುವುದು ಹಣ ಉಳಿಸುವ ದಾರಿ.

ಹೆಜ್ಜೆ ಮೂರು: ಕೆಳಗಿನ ಮೂರು ಹಂತಗಳನ್ನು ಅವಸರಿಸದೆ ಮುಗಿಸಿ

ಓಪನ್ ವಾಟರ್ ಕೋರ್ಸ್‌ನಲ್ಲಿ ಸಿದ್ಧಾಂತ, ಕೊಳ ಅಥವಾ ಶಾಂತ ನೀರಿನ ಅಭ್ಯಾಸ ಮತ್ತು ಕಡಲಿನಲ್ಲಿ ನಾಲ್ಕು ಡೈವ್‌ಗಳಿರುತ್ತವೆ. ಆಳದ ಮಿತಿ 18 ಮೀಟರ್. ಅಡ್ವಾನ್ಸ್ಡ್ ಕೋರ್ಸ್‌ನಲ್ಲಿ ಐದು ಡೈವ್‌ಗಳಿದ್ದು, ಆಳ ಮತ್ತು ದಿಕ್ಕು ಗುರುತಿಸುವಿಕೆ ಕಡ್ಡಾಯ. ನೇತ್ರಾಣಿಯಲ್ಲಿ ಬಹುತೇಕ ಪ್ರವಾಸಿಗರು ಮಾಡುವುದು ಇವ್ಯಾವುದೂ ಅಲ್ಲ, ಬೋಧಕರ ಕೈಯಲ್ಲಿ ಗರಿಷ್ಠ 12 ಮೀಟರ್ ಒಳಗೆ ನಡೆಯುವ ಪರಿಚಯದ ಡೈವ್ ಎಂಬುದು ನೆನಪಿರಲಿ. ಅದನ್ನು ಎಷ್ಟು ಸಲ ಮಾಡಿದ್ದರೂ ಪ್ರಮಾಣಿತ ಡೈವರ್ ಆಗುವುದಿಲ್ಲ.

ರೆಸ್ಕ್ಯೂ ಡೈವರ್ ಕೋರ್ಸಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇದಕ್ಕೆ ಮೊದಲು ಕಳೆದ 24 ತಿಂಗಳೊಳಗೆ ಸಿಪಿಆರ್ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿರಬೇಕು. ಗಾಬರಿಗೊಂಡ ಡೈವರನ್ನು ಹೇಗೆ ಸಮೀಪಿಸಬೇಕು, ನೀರಿನ ತಳದಲ್ಲಿ ಪ್ರಜ್ಞೆ ತಪ್ಪಿದವರನ್ನು ಮೇಲಕ್ಕೆ ಹೇಗೆ ತರಬೇಕು, ಮೇಲ್ಮೈಯಲ್ಲಿ ಉಸಿರು ಕೊಡುತ್ತಲೇ ಅವರ ಉಪಕರಣಗಳನ್ನು ಬಿಚ್ಚುತ್ತಾ ಬೋಟಿಗೆ ಹೇಗೆ ಎಳೆಯಬೇಕು, ಕಾಣೆಯಾದವರನ್ನು ಹುಡುಕುವ ಕ್ರಮವೇನು, ಇವನ್ನೆಲ್ಲ ದೇಹ ದಣಿಯುವಷ್ಟು ಸಲ ಮಾಡಿಸುತ್ತಾರೆ. ಇಡೀ ಏಣಿಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಪ್ರತಿಫಲ ನೀಡುವ ಕೋರ್ಸ್ ಇದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ತನ್ನ ಮಾಸ್ಕ್ ಮತ್ತು ಉಸಿರಾಟದ ಮೇಲಷ್ಟೇ ಇದ್ದ ಗಮನ ಪಕ್ಕದವರ ಕಣ್ಣುಗಳತ್ತ, ಅವರು ಬಿಡುತ್ತಿರುವ ಗುಳ್ಳೆಗಳ ವೇಗದತ್ತ ಹರಿಯಲು ಆರಂಭಿಸುವುದು ಈ ಹಂತದಲ್ಲಿ. ಹವ್ಯಾಸಿಗಳು ಇಲ್ಲಿ ನಿಲ್ಲಬಹುದು ಎಂದು ಹೇಳಿದ್ದು ಈ ಕಾರಣಕ್ಕೆ.

ಈ ಮೂರು ಕೋರ್ಸ್‌ಗಳ ನಡುವೆ ಸಾಮಾನ್ಯ ಡೈವ್‌ಗಳಿಗೆ ಬಿಡುವು ಕೊಡಿ. ಪಾಡಿಯ ಡೈವ್‌ಮಾಸ್ಟರ್ ಕೋರ್ಸ್ ಸೇರಲು ಲಾಗ್‌ಬುಕ್‌ನಲ್ಲಿ 40 ಡೈವ್ ಇರಬೇಕು, ಪ್ರಮಾಣಪತ್ರ ಪಡೆಯುವ ಹೊತ್ತಿಗೆ 60 ಆಗಿರಬೇಕು, ವಯಸ್ಸು 18 ತುಂಬಿರಬೇಕು. ಇವು ಕನಿಷ್ಠ ಸಂಖ್ಯೆಗಳು. ಒಂದೇ ದಿಬ್ಬದ ಒಂದೇ ಬದಿಯಲ್ಲಿ, ತಿಳಿಯಾದ ಬೆಚ್ಚಗಿನ ನೀರಿನಲ್ಲಿ ಮಾಡಿದ 60 ಡೈವ್‌ಗಳು ಕಾಗದದ ಮೇಲೆ ಸಾಕಾಗುತ್ತವೆ, ಸೆಳೆತದ ನೀರಿನಲ್ಲಿ ನಾಲ್ವರ ಗುಂಪು ಚದುರಿದಾಗ ಸಾಕಾಗುವುದಿಲ್ಲ. ರಾತ್ರಿಯ ಡೈವ್, ಗೋಚರತೆ ಕಡಿಮೆಯಿರುವ ನೀರು, ಹರಿವಿನ ಜೊತೆಗೆ ಸಾಗುವ ಡೈವ್, ಕಲಕಿದ ಕಡಲಿನಲ್ಲಿ ಬೋಟ್ ಹತ್ತುವುದು, ಇವೆಲ್ಲ ಆ ಸಂಖ್ಯೆಯೊಳಗೆ ಸೇರಿರಲಿ.

ಹೆಜ್ಜೆ ನಾಲ್ಕು: ಡೈವ್‌ಮಾಸ್ಟರ್ ಕೋರ್ಸಿನಲ್ಲಿ ನಿಜವಾಗಿ ಕಲಿಯಬೇಕಾದದ್ದು

ಈ ಕೋರ್ಸಿನ ಅಂಗಗಳು ಹಲವು: ಮೊದಲು ಹೇಳಿದ ಈಜು ಪರೀಕ್ಷೆಗಳು, ಮೂಲ ಕೌಶಲಗಳನ್ನು ಇತರರಿಗೆ ಅರ್ಥವಾಗುವಂತೆ ನಿಧಾನವಾಗಿ ಮಾಡಿ ತೋರಿಸುವುದು, ಒಂದು ಡೈವ್ ತಾಣದ ನಕ್ಷೆ ತಯಾರಿಸುವುದು, ತುರ್ತು ನೆರವಿನ ಯೋಜನೆ ಬರೆಯುವುದು, ಡೈವ್‌ಗೆ ಮುನ್ನ ವಿವರಣೆ ಕೊಡುವುದು ಮತ್ತು ಬೋಧಕರಿಗೆ ನಿಜವಾದ ಕೋರ್ಸ್‌ಗಳಲ್ಲಿ ಸಹಾಯ ಮಾಡುವುದು. ಇಬ್ಬರು ಡೈವರ್‌ಗಳು ನೀರಿನ ಕೆಳಗೆ ಒಂದೇ ರೆಗ್ಯುಲೇಟರ್‌ನಲ್ಲಿ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಸರದಿಯಂತೆ ಉಸಿರಾಡುತ್ತಾ ತಮ್ಮ ಉಪಕರಣಗಳನ್ನು ಅದಲುಬದಲು ಮಾಡಿಕೊಳ್ಳುವ ಪರೀಕ್ಷೆಯೂ ಇದೆ. ನೋಡುವವರಿಗೆ ಸರ್ಕಸ್‌ನಂತೆ ಕಂಡರೂ ಒತ್ತಡದಲ್ಲಿ ತಲೆ ತಣ್ಣಗಿರುತ್ತದೆಯೇ ಎಂಬುದನ್ನು ಅದು ಸರಿಯಾಗಿ ಬಯಲು ಮಾಡುತ್ತದೆ.

ಸಿದ್ಧಾಂತದ ಭಾಗವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವವರೇ ಹೆಚ್ಚು. ಆದರೆ ಗುಂಪನ್ನು ಮುನ್ನಡೆಸುವವರಿಗೆ ಗಾಳಿಯ ಲೆಕ್ಕ ನೀರಿನ ಕೆಳಗೆ ತಾನಾಗಿಯೇ ತಲೆಯಲ್ಲಿ ಓಡಬೇಕು. ಕಡಲಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಸುಮಾರು ಒಂದು ಬಾರ್ (ಒತ್ತಡದ ಅಳತೆಮಾನ) ಹೆಚ್ಚುತ್ತದೆ. ಮೇಲ್ಮೈಯ ಒಂದು ಬಾರ್ ಸೇರಿ 20 ಮೀಟರ್‌ನಲ್ಲಿ ಒಟ್ಟು ಒತ್ತಡ 3 ಬಾರ್, ಹಾಗಾಗಿ ಗಾಳಿಯೂ ಮೂರು ಪಟ್ಟು ಖರ್ಚಾಗುತ್ತದೆ. 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ತುಂಬಿದ್ದರೆ ಒಟ್ಟು 2,400 ಲೀಟರ್ ಗಾಳಿ. 50 ಬಾರ್ ಮೀಸಲು, ಅಂದರೆ 600 ಲೀಟರ್, ಕಳೆದರೆ ಬಳಸಲು ಉಳಿಯುವುದು 1,800 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವ ಅನುಭವಿ ಡೈವರ್ 20 ಮೀಟರ್ ಆಳದಲ್ಲಿ 60 ಲೀಟರ್ ಬಳಸುತ್ತಾರೆ. ಅವರಿಗೆ 30 ನಿಮಿಷ ಸಿಗುತ್ತದೆ. ಉದ್ವೇಗದಿಂದ ನಿಮಿಷಕ್ಕೆ 30 ಲೀಟರ್ ಉಸಿರಾಡುವ ಹೊಸಬರಿಗೆ ಅದೇ ಆಳದಲ್ಲಿ 90 ಲೀಟರ್ ಬೇಕು. ಅವರಿಗೆ ಸಿಗುವುದು 20 ನಿಮಿಷ ಮಾತ್ರ. ಗುಂಪಿನ ಸಮಯವನ್ನು ನಿರ್ಧರಿಸುವುದು ಈ ಎರಡನೆಯವರು. ಯಾರು ಮೊದಲು ಗಾಳಿ ಮುಗಿಸುತ್ತಾರೆ ಎಂಬುದನ್ನು ಮೊದಲ ಐದು ನಿಮಿಷದಲ್ಲಿ ಗುರುತಿಸಿ, ಗೇಜ್ ತೋರಿಸಲು ಪದೇ ಪದೇ ಕೇಳಿ, ಹಿಂದಿರುಗುವ ದಾರಿಯನ್ನು ಅದಕ್ಕೆ ತಕ್ಕಂತೆ ಯೋಜಿಸುವುದೇ ಡೈವ್‌ಮಾಸ್ಟರ್‌ನ ಕಸುಬು.

ಏರುವಾಗಿನ ಶಿಸ್ತೂ ಅಷ್ಟೇ ಮುಖ್ಯ. ಉಸಿರು ಹಿಡಿದು 10 ಮೀಟರ್‌ನಿಂದ ಮೇಲಕ್ಕೆ ಬಂದರೆ ಶ್ವಾಸಕೋಶದೊಳಗಿನ ಗಾಳಿ ಎರಡರಷ್ಟು ಹಿಗ್ಗಲು ಯತ್ನಿಸುತ್ತದೆ. ಅದರಿಂದಾಗುವ ಹಾನಿ ಮಾರಕವಾಗಬಹುದು. ಇಂದು ಸಾಮಾನ್ಯವಾಗಿ ಸಲಹೆ ಮಾಡುವುದು ನಿಮಿಷಕ್ಕೆ 9 ಮೀಟರ್‌ನಷ್ಟು ನಿಧಾನದ ಏರಿಕೆ ಮತ್ತು 5 ಮೀಟರ್ ಆಳದಲ್ಲಿ ಮೂರು ನಿಮಿಷದ ನಿಲುಗಡೆ. ದಡಕ್ಕೆ ಬಂದ ಮೇಲೆಯೂ ದೇಹದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು; ಅದಕ್ಕೆ ಮೊದಲೇ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ ಅದು ದೇಹದೊಳಗೆ ಗುಳ್ಳೆಗಟ್ಟಬಹುದು. ಮಿತಿಯೊಳಗಿನ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದರೆ ಕನಿಷ್ಠ 18 ಗಂಟೆ ಕಾದು ವಿಮಾನ ಏರಬೇಕು ಎಂಬುದು ಪ್ರಚಲಿತ ಶಿಫಾರಸು. ನಮ್ಮವರು ಮರೆಯುವ ಒಂದು ಸಂಗತಿಯೆಂದರೆ ಘಟ್ಟ. ಡೈವಿಂಗ್‌ನ ಲೆಕ್ಕದಲ್ಲಿ 300 ಮೀಟರ್‌ಗಿಂತ ಮೇಲಿರುವುದೆಲ್ಲ ಎತ್ತರದ ಪ್ರದೇಶವೇ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನದವರೆಗೆ ಆಳದ ಡೈವ್‌ಗಳನ್ನು ಮಾಡಿ, ಸಂಜೆಯ ಬಸ್ಸಿನಲ್ಲಿ ಘಟ್ಟ ಹತ್ತುವವರಿಗೆ ಎಚ್ಚರಿಕೆ ಹೇಳುವುದು ಕರ್ನಾಟಕದಲ್ಲಿ ದುಡಿಯುವ ವೃತ್ತಿಪರರ ಕರ್ತವ್ಯ.

ವಿವರಣೆ ಕೊಡುವ ಕಲೆಯನ್ನು ಕನ್ನಡದಲ್ಲಿಯೂ ಅಭ್ಯಾಸ ಮಾಡಿಕೊಳ್ಳಿ. ಕೋರ್ಸಿನ ಪಠ್ಯ ಇಂಗ್ಲಿಷ್‌ನಲ್ಲಿರುವುದರಿಂದ ಅನೇಕರು ಬೋಟಿನ ಮೇಲೆಯೂ ಅದನ್ನೇ ಒಪ್ಪಿಸುತ್ತಾರೆ, ಎದುರಿಗಿರುವ ಕುಟುಂಬಕ್ಕೆ ಅರ್ಧ ಮಾತ್ರ ಅರ್ಥವಾಗಿರುತ್ತದೆ. ಹೆಬ್ಬೆರಳು ಎತ್ತಿದರೆ ದಿನನಿತ್ಯದಲ್ಲಿ ‘ಸೂಪರ್’ ಎಂದರ್ಥ, ನೀರಿನ ಕೆಳಗೆ ‘ಮೇಲೆ ಹೋಗೋಣ’ ಎಂದರ್ಥ. ಎಲ್ಲವೂ ಸರಿಯಿದೆ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಉಂಗುರ ಮಾಡಬೇಕು. ಇಷ್ಟನ್ನು ಅವರ ಭಾಷೆಯಲ್ಲಿ ಎರಡು ಸಲ ಹೇಳಿ, ಅವರಿಂದಲೇ ಮಾಡಿಸಿ ನೋಡಿದರೆ ಅರ್ಧ ಗೊಂದಲ ಅಲ್ಲಿಯೇ ತಪ್ಪುತ್ತದೆ. ಜೊತೆಗೆ, ಹವಳವನ್ನೂ ತಿಮಿಂಗಿಲ ಶಾರ್ಕನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಕ್ಷಿಸಿದೆ ಎಂಬುದನ್ನು, ನೆನಪಿಗಾಗಿ ಒಂದು ಹವಳದ ತುಂಡನ್ನೂ ಎತ್ತಿಕೊಳ್ಳುವಂತಿಲ್ಲ ಎಂಬುದನ್ನು ಹೇಳಲು ಮರೆಯಬಾರದು.

ಹೆಜ್ಜೆ ಐದು: ತರಬೇತಿ ಕೇಂದ್ರವನ್ನು ಆರಿಸುವುದು

ಅಂಡಮಾನ್‌ನ ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪ, ಭಾರತದಲ್ಲಿ ವೃತ್ತಿಪರ ತರಬೇತಿಯ ದೊಡ್ಡ ನೆಲೆ. ಗೋವಾ, ಪುದುಚೇರಿ, ಮುರುಡೇಶ್ವರಗಳಲ್ಲಿಯೂ ಕೇಂದ್ರಗಳಿವೆ; ಮಹಾರಾಷ್ಟ್ರದ ತಾರ್ಕರ್ಲಿಯಲ್ಲಿ ಅಲ್ಲಿನ ಪ್ರವಾಸೋದ್ಯಮ ನಿಗಮದ ಸ್ಕೂಬಾ ಸಂಸ್ಥೆಯಿದೆ. ಹೊರದೇಶದಲ್ಲಿ ಥಾಯ್ಲೆಂಡ್‌ನ ಕೊ ತಾವೊ ದ್ವೀಪಕ್ಕೆ ಹೋಗುವವರು ಬಹಳ. ಸ್ಥಳ ಯಾವುದಾದರೂ ಸರಿ, ಹಣ ಕಟ್ಟುವ ಮೊದಲು ಅಲ್ಲಿ ಒಂದೆರಡು ದಿನ ಸಾಮಾನ್ಯ ಗ್ರಾಹಕರಾಗಿ ಡೈವ್ ಮಾಡಿ ನೋಡಿ. ಬೋಟಿನಲ್ಲಿ ಆಮ್ಲಜನಕದ ಕಿಟ್ ಇದೆಯೇ, ಅದು ತುಂಬಿದೆಯೇ, ಬೋಟ್ ಬಿಡುವಾಗಲೂ ಹಿಂದಿರುಗುವಾಗಲೂ ತಲೆ ಎಣಿಸುತ್ತಾರೆಯೇ, ಕಡಲು ಕೆಟ್ಟಿದ್ದಾಗ ಹಣ ಹಿಂದಿರುಗಿಸಿ ಪ್ರವಾಸ ರದ್ದು ಮಾಡುವ ಧೈರ್ಯ ಅವರಿಗಿದೆಯೇ ಎಂಬುದನ್ನು ಗಮನಿಸಿ. ಕಲಿಸುವವರ ಸದಸ್ಯತ್ವ ಚಾಲ್ತಿಯಲ್ಲಿದೆಯೇ ಎಂಬುದನ್ನು ಪಾಡಿಯ ಪ್ರೊ ಚೆಕ್ ಎಂಬ ಆನ್‌ಲೈನ್ ಸೌಲಭ್ಯದಲ್ಲಿ ನೋಡಬಹುದು, ಇದಕ್ಕೆ ಸಂಕೋಚಪಡಬೇಕಿಲ್ಲ.

ಉಚಿತ ಅಥವಾ ರಿಯಾಯಿತಿಯ ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ತಿಂಗಳುಗಟ್ಟಲೆ ಸಿಲಿಂಡರ್ ಹೊರಿಸಿ, ಉಪಕರಣ ತೊಳೆಸಿ, ಕೊನೆಗೆ ಅವಸರದಲ್ಲಿ ಪರೀಕ್ಷೆಗಳನ್ನು ಮುಗಿಸುವ ಪದ್ಧತಿ ಕೆಲವು ಕಡೆ ಇದೆ. ಸಿಲಿಂಡರ್ ಹೊರುವುದು ಈ ವೃತ್ತಿಯ ಭಾಗವೇ, ಅದರಲ್ಲಿ ಕೀಳೇನಿಲ್ಲ. ಆದರೆ ವಾರಕ್ಕೆ ಎಷ್ಟು ಡೈವ್, ಯಾವ ಕೋರ್ಸ್‌ಗಳಲ್ಲಿ ಸಹಾಯಕ್ಕೆ ಅವಕಾಶ, ಸಿದ್ಧಾಂತದ ಪಾಠ ಯಾರಿಂದ, ಊಟ ವಸತಿ ಯಾರದು, ಕೋರ್ಸ್ ಯಾವ ದಿನಾಂಕದೊಳಗೆ ಮುಗಿಯುತ್ತದೆ ಎಂಬುದೆಲ್ಲ ಬರಹದಲ್ಲಿರಬೇಕು. ಬರೆದು ಕೊಡಲು ಒಪ್ಪದ ಕೇಂದ್ರಕ್ಕೆ ಹಣ ಕಟ್ಟಬೇಡಿ.

ಹೆಜ್ಜೆ ಆರು: ಲೆಕ್ಕ ಹಾಕಿ

ಜಾಹೀರಾತಿನಲ್ಲಿ ಕಾಣುವುದು ಕೋರ್ಸ್ ಶುಲ್ಕ ಮಾತ್ರ. ಅದರ ಮೇಲೆ ಕಲಿಕಾ ಸಾಮಗ್ರಿ, ಸಂಸ್ಥೆಗೆ ಕಟ್ಟುವ ಅರ್ಜಿ ಶುಲ್ಕ, ಇನ್‌ಸ್ಟ್ರಕ್ಟರ್ ಪರೀಕ್ಷೆಯ ಶುಲ್ಕ, ಪ್ರಥಮ ಚಿಕಿತ್ಸಾ ಬೋಧಕರಾಗುವ ಶುಲ್ಕ, ವಾರ್ಷಿಕ ಸದಸ್ಯತ್ವ, ವಿಮೆ, ಸ್ವಂತ ಉಪಕರಣ, ಕೆಲವು ತಿಂಗಳ ವಸತಿ ಮತ್ತು ಆ ತಿಂಗಳುಗಳಲ್ಲಿ ಕೈತಪ್ಪುವ ಸಂಬಳ ಸೇರುತ್ತವೆ. ಸೊನ್ನೆಯಿಂದ ಇನ್‌ಸ್ಟ್ರಕ್ಟರ್‌ವರೆಗೆ ತಲುಪಲು ಲಕ್ಷಗಳಲ್ಲಿ ಯೋಚಿಸಬೇಕಾಗುತ್ತದೆ. ಇವನ್ನೆಲ್ಲ ಕೂಡಿಸಿ ಒಂದು ಕಡೆ ಬರೆಯಿರಿ. ಇನ್ನೊಂದು ಕಡೆ ನೀವು ಕೆಲಸ ಮಾಡಬಯಸುವ ಊರಿನ ಎರಡು ಮೂರು ಕೇಂದ್ರಗಳನ್ನು ಕೇಳಿ, ಹೊಸ ಡೈವ್‌ಮಾಸ್ಟರ್‌ಗೆ ಮತ್ತು ಹೊಸ ಇನ್‌ಸ್ಟ್ರಕ್ಟರ್‌ಗೆ ಕೊಡುವ ಸಂಬಳ, ಪ್ರತಿ ವಿದ್ಯಾರ್ಥಿಗೆ ಸಿಗುವ ಕಮಿಷನ್, ಊಟ ವಸತಿಯ ಸೌಲಭ್ಯಗಳನ್ನು ಬರೆಯಿರಿ.

ಅದನ್ನು 12 ತಿಂಗಳಿಂದ ಗುಣಿಸಬೇಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷಿದ್ಧ, ಆಗ ಕಡಲೂ ಒರಟಾಗಿರುತ್ತದೆ. ನೇತ್ರಾಣಿಯ ಡೈವಿಂಗ್ ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಮೇ ತಿಂಗಳವರೆಗಿನ ಕೆಲಸ. ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂಬುದು ಲೆಕ್ಕದೊಳಗೇ ಇರಬೇಕು. ಕೆಲವರು ಬೆಂಗಳೂರಿನ ಈಜುಕೊಳಗಳಲ್ಲಿ ಸಿದ್ಧಾಂತ ಮತ್ತು ಆರಂಭಿಕ ಅಭ್ಯಾಸ ಕಲಿಸುತ್ತಾರೆ, ಕೆಲವರು ಪೂರ್ವ ಕರಾವಳಿಗೋ ಮಾಲ್ಡೀವ್ಸ್‌ಗೋ ಹೋಗುತ್ತಾರೆ, ಕೆಲವರು ಊರಿಗೆ ಮರಳಿ ತೋಟ ನೋಡಿಕೊಳ್ಳುತ್ತಾರೆ.

ಈ ಲೆಕ್ಕದಲ್ಲಿ ಡೈವ್‌ಮಾಸ್ಟರ್ ಸಾಲು ಏಕೆ ಸೊರಗುತ್ತದೆ ಎಂಬುದಕ್ಕೆ ಕಾರಣ ನಮ್ಮ ಮಾರುಕಟ್ಟೆಯ ಸ್ವರೂಪ. ಡೈವ್‌ಮಾಸ್ಟರ್‌ನ ಮುಖ್ಯ ಅಧಿಕಾರ ಪ್ರಮಾಣಿತ ಡೈವರ್‌ಗಳನ್ನು ಮುನ್ನಡೆಸುವುದು ಮತ್ತು ಬೋಧಕರಿಗೆ ನೆರವಾಗುವುದು. ನಮ್ಮಲ್ಲಿ ಬೋಟ್ ಹತ್ತುವವರಲ್ಲಿ ಹೆಚ್ಚಿನವರು ಮೊದಲ ಸಲ ಇಳಿಯುವವರು. ಅವರನ್ನು ಕಡಲಿಗೆ ಇಳಿಸುವ ಹೊಣೆ ಇನ್‌ಸ್ಟ್ರಕ್ಟರ್‌ದು. ಹೀಗಾಗಿ ಕೇಂದ್ರಗಳಿಗೆ ಹಣ ತರುವವರು ಬೋಧಕರು, ಡೈವ್‌ಮಾಸ್ಟರ್‌ಗಳು ಅವರ ಹಿಂದೆ ಬರುವ ಸಹಾಯಕರು. ಪ್ರಮಾಣಿತ ಡೈವರ್‌ಗಳೇ ದೊಡ್ಡ ಸಂಖ್ಯೆಯಲ್ಲಿ ಬರುವ ಮಾಲ್ಡೀವ್ಸ್ ಅಥವಾ ಈಜಿಪ್ಟ್‌ನಂಥ ಕಡೆ ಈ ಸ್ಥಿತಿ ಬೇರೆ. ಆದರೆ ಅಲ್ಲಿ ಕೆಲಸ ಮಾಡಲು ಆಯಾ ದೇಶದ ಕೆಲಸದ ಪರವಾನಗಿ ಬೇಕು. ಪ್ರವಾಸಿ ವೀಸಾದಲ್ಲಿ ದುಡಿಯುವಂತೆ ಯಾರಾದರೂ ಹೇಳಿದರೆ ಒಪ್ಪಬೇಡಿ.

ಹೆಜ್ಜೆ ಏಳು: ಇನ್‌ಸ್ಟ್ರಕ್ಟರ್ ಪರೀಕ್ಷೆ

ಪಾಡಿಯಲ್ಲಿ ಇನ್‌ಸ್ಟ್ರಕ್ಟರ್ ತರಬೇತಿಯನ್ನು ಕೋರ್ಸ್ ಡೈರೆಕ್ಟರ್ ನಡೆಸಿದರೂ ಪರೀಕ್ಷೆ ನಡೆಸಲು ಸಂಸ್ಥೆಯೇ ಬೇರೆ ಪರೀಕ್ಷಕರನ್ನು ಕಳುಹಿಸುತ್ತದೆ. ಕಲಿಸಿದವರೇ ಅಂಕ ಹಾಕುವುದಿಲ್ಲ ಎಂಬುದು ಈ ಪ್ರಮಾಣಪತ್ರಕ್ಕೆ ಬೆಲೆ ತಂದಿರುವ ಮುಖ್ಯ ಅಂಶ. ಪರೀಕ್ಷೆಗೆ ಕೂರಲು ಡೈವರ್ ಆಗಿ ಪ್ರಮಾಣಿತರಾಗಿ ಆರು ತಿಂಗಳು ಕಳೆದಿರಬೇಕು, ಲಾಗ್‌ಬುಕ್‌ನಲ್ಲಿ 100 ಡೈವ್ ಇರಬೇಕು. ಭೌತಶಾಸ್ತ್ರ, ಶರೀರಕ್ರಿಯೆ, ಉಪಕರಣ, ಕೌಶಲ ಮತ್ತು ಪರಿಸರ, ಡೈವ್ ಟೇಬಲ್ (ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂಬ ಕೋಷ್ಟಕ) ಎಂಬ ಐದು ವಿಭಾಗಗಳಲ್ಲಿ ಪ್ರತಿಯೊಂದರಲ್ಲಿಯೂ ಶೇ 75 ಅಂಕ ಬೇಕು. ಸಂಸ್ಥೆಯ ನಿಯಮಗಳ ಪರೀಕ್ಷೆ, ತರಗತಿಯ ಪಾಠ, ಕೊಳದಲ್ಲಿ ಮತ್ತು ಕಡಲಿನಲ್ಲಿ ಬೋಧನೆ, ಪ್ರಜ್ಞೆ ತಪ್ಪಿದ ಡೈವರನ್ನು ರಕ್ಷಿಸುವ ಪ್ರದರ್ಶನ ಇವೂ ಇರುತ್ತವೆ.

ಸೋಲುವವರು ಹೆಚ್ಚಾಗಿ ಎಡವುವುದು ಬೋಧನೆಯಲ್ಲಿ. ವಿದ್ಯಾರ್ಥಿಯ ಪಾತ್ರ ವಹಿಸಿದವರು ಬೇಕೆಂದೇ ಮಾಡುವ ತಪ್ಪನ್ನು ನೀರಿನ ಕೆಳಗೆ ಗುರುತಿಸಿ, ಆ ಕ್ಷಣದಲ್ಲಿಯೇ ತಿದ್ದಿ, ಉಳಿದವರ ಮೇಲಿನ ಕಣ್ಣನ್ನು ತೆಗೆಯದೆ ಮುಂದುವರಿಯಬೇಕು. ಇದನ್ನು ಎರಡು ವಾರದ ತರಬೇತಿಯಲ್ಲಿ ಮೊದಲ ಸಲ ಕಲಿಯಲು ಹೊರಡುವುದಕ್ಕಿಂತ, ಡೈವ್‌ಮಾಸ್ಟರ್ ಆಗಿ ಕನಿಷ್ಠ ಒಂದು ಋತು ಒಳ್ಳೆಯ ಬೋಧಕರ ಪಕ್ಕದಲ್ಲಿ ನಿಂತು ನೋಡಿ ಕಲಿಯುವುದು ಮೇಲು. ಡೈವ್‌ಮಾಸ್ಟರ್ ಹಂತಕ್ಕೆ ನಾನು ಕೊಡುವ ಸರಿಯಾದ ಸ್ಥಾನ ಇದೇ: ಅದು ಶಿಷ್ಯವೃತ್ತಿಯ ಕಾಲ.

ಹೆಜ್ಜೆ ಎಂಟು: ಕಾರ್ಡು ಬಂದ ನಂತರ

ವೃತ್ತಿಪರ ಪ್ರಮಾಣಪತ್ರವನ್ನು ಪ್ರತಿ ವರ್ಷ ಸದಸ್ಯತ್ವ ನವೀಕರಿಸಿ ಚಾಲ್ತಿಯಲ್ಲಿಡಬೇಕು; ನವೀಕರಿಸದವರು ಕಲಿಸುವಂತಿಲ್ಲ, ಮುನ್ನಡೆಸುವಂತಿಲ್ಲ. ವೃತ್ತಿಪರ ಹೊಣೆಗಾರಿಕೆಯ ವಿಮೆ ಮತ್ತು ನಿಮ್ಮ ಸ್ವಂತ ಚಿಕಿತ್ಸೆಯ ಡೈವಿಂಗ್ ವಿಮೆ ಎರಡೂ ಬೇರೆ ಬೇರೆ, ಎರಡೂ ಬೇಕು. ಕೇಂದ್ರ ತನ್ನ ವಿಮೆಯಲ್ಲಿ ನಿಮ್ಮನ್ನೂ ಸೇರಿಸಿದೆ ಎಂದು ಹೇಳಿದರೆ ಪಾಲಿಸಿಯ ಪ್ರತಿಯಲ್ಲಿ ನಿಮ್ಮ ಹೆಸರು ನೋಡುವವರೆಗೆ ನಂಬಬೇಡಿ. ಗೋವಾದಲ್ಲಿರುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯ ತರಬೇತಿಗಳು, ಸ್ಥಳೀಯ ಆಡಳಿತದ ಅನುಮತಿಯ ಷರತ್ತುಗಳು ಯಾವುವು ಎಂಬುದನ್ನೂ ಕೆಲಸ ಆರಂಭಿಸುವ ಮೊದಲೇ ವಿಚಾರಿಸಿ.

ಮೊದಲ ಋತುವಿನಲ್ಲಿ ನಿಯಮ ಅನುಮತಿಸುವ ಗರಿಷ್ಠ ಸಂಖ್ಯೆಯ ಜನರನ್ನು ಒಟ್ಟಿಗೆ ಇಳಿಸಲು ಒಪ್ಪಬೇಡಿ. ಆ ಸಂಖ್ಯೆ ಉತ್ತಮ ಪರಿಸ್ಥಿತಿಗೆ ಹೇಳಿದ್ದು. ಗೋಚರತೆ ಕುಸಿದ ದಿನ ಇಬ್ಬರೂ ಹೆಚ್ಚಾಗಬಹುದು, ಒಬ್ಬರನ್ನೂ ಇಳಿಸದಿರುವ ದಿನವೂ ಬರಬಹುದು, ಮತ್ತು ಆ ತೀರ್ಮಾನಕ್ಕೆ ಸಹಿ ನಿಮ್ಮದೇ ಆಗಿರುತ್ತದೆ. ಬೋಟಿನಲ್ಲಿ ತುರ್ತು ಯೋಜನೆಯ ಒಂದು ಹಾಳೆಯನ್ನು ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಅಂಟಿಸಿ: ಕರಾವಳಿ ಕಾವಲು ಪಡೆಯ 1554, ಆಂಬ್ಯುಲೆನ್ಸ್‌ಗೆ 108, ಹತ್ತಿರದ ಆಸ್ಪತ್ರೆಯ ದೂರವಾಣಿ, ನಿಮ್ಮ ಡೈವಿಂಗ್ ವಿಮೆಯ ತುರ್ತು ಸಂಖ್ಯೆ, ಸಾರಜನಕದ ಗುಳ್ಳೆಗಳಿಂದ ಅಸ್ವಸ್ಥರಾದವರಿಗೆ ಬೇಕಾಗುವ ಒತ್ತಡ ಚಿಕಿತ್ಸೆಯ ಕೋಣೆ ಇರುವ ಆಸ್ಪತ್ರೆಯ ಹೆಸರು. ಪಶ್ಚಿಮ ಕರಾವಳಿಗೆ ಸಂಬಂಧಿಸಿ ಮುಂಬೈನ ನೌಕಾಪಡೆಯ ಅಶ್ವಿನಿ ಆಸ್ಪತ್ರೆಯಲ್ಲಿ ಅಂಥ ಕೋಣೆಯಿದೆ. ಅಲ್ಲಿಗೆ ರೋಗಿಯನ್ನು ಹೇಗೆ, ಯಾರ ಅನುಮತಿಯಿಂದ, ಎಷ್ಟು ಹೊತ್ತಿನಲ್ಲಿ ತಲುಪಿಸಬಹುದು ಎಂಬುದನ್ನು ಋತು ಆರಂಭವಾಗುವ ಮೊದಲೇ ಫೋನ್ ಮಾಡಿ ಕೇಳಿ, ಅದನ್ನೂ ಅದೇ ಹಾಳೆಯಲ್ಲಿ ಬರೆದಿಡಿ.